180 ಜಿಬಿ ಸ್ಕ್ಯಾನ್ ಕಡತಗಳನ್ನು ದೂರದ ಸರ್ವರ್‌ಗೆ ಸುರಕ್ಷಿತವಾಗಿ ಕಳುಹಿಸುವುದು: ಎಸ್‌ಸಿಪಿ ಸಾಕೇ, ಆರ್‌ಸಿಂಕ್ ಬೇಕೇ?

ಹಳೆಯಸಂಚಿಕೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿರುವ ಹಳೆಯ ಕನ್ನಡ ಮಾಸಪತ್ರಿಕೆಯೊಂದರ 12 ವರ್ಷಗಳ ಸಂಚಿಕೆಗಳನ್ನು, ಎಂದರೆ 144 ಸಂಚಿಕೆಗಳ 6,912 ಪುಟಗಳನ್ನು, ಎಂಟು ತಿಂಗಳು ಕುಳಿತು ಸ್ಕ್ಯಾನ್ ಮಾಡಿ ಮುಗಿಸಿದ್ದೇವೆ. ಪ್ರತಿ ಪುಟವೂ ಸುಮಾರು 26 ಎಂಬಿಯ ಟಿಫ್ ಕಡತವಾಗಿದ್ದು, ಎಲ್ಲ ಸೇರಿ 180 ಜಿಬಿ ಆಗಿದೆ. ಕಾಗದ ಎಷ್ಟು ಒಣಗಿದೆಯೆಂದರೆ ಹಾಳೆ ತಿರುವಿದಾಗಲೆಲ್ಲ ಹೊಲಿಗೆಯ ಅಂಚಿನಿಂದ ಚೂರು ಉದುರುತ್ತದೆ. ಆದ್ದರಿಂದ ಎರಡನೆಯ ಸಲ ಸ್ಕ್ಯಾನ್ ಮಾಡುವ ಯೋಚನೆಯನ್ನೇ ನಾವು ಬಿಟ್ಟಿದ್ದೇವೆ. ಇರುವ ಕಡತಗಳನ್ನು ಜೋಪಾನವಾಗಿ ಇನ್ನೊಂದು ಊರಿನಲ್ಲಿರುವ ಸರ್ವರ್‌ನಲ್ಲಿಯೂ ಇಡಬೇಕೆಂಬುದು ನಮ್ಮ ಉದ್ದೇಶ.

ಕಡತಗಳು ಮ್ಯಾಕ್ ಕಂಪ್ಯೂಟರಿಗೆ ಜೋಡಿಸಿದ ಹೊರ ಡಿಸ್ಕಿನಲ್ಲಿವೆ. ಸರ್ವರ್ ಲಿನಕ್ಸಿನದು, ಬಾಡಿಗೆಗೆ ಪಡೆದದ್ದು, ಅದರ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿನೊಂದಿಗೆ ಗೂಢಲಿಪಿಯಲ್ಲಿ ಸಂಪರ್ಕ ಕಲ್ಪಿಸುವ ವ್ಯವಸ್ಥೆ) ಪೋರ್ಟ್ ಸಂಖ್ಯೆ 22ರ ಬದಲು 2222 ಆಗಿದೆ. ಮೊದಲಿಗೆ ಎಸ್‌ಎಸ್‌ಎಚ್‌ನಲ್ಲಿ ಮಾಡುವಂತೆಯೇ, ಕಡತಗಳನ್ನು ಪ್ರತಿ ಮಾಡುವ ಎಸ್‌ಸಿಪಿ ಆದೇಶಕ್ಕೂ ಸಣ್ಣ ಅಕ್ಷರದ ಪಿ ಕೊಟ್ಟು 2222 ಎಂದು ಬರೆದೆ. "2222: ಅಂಥ ಕಡತವಿಲ್ಲ" ಎಂಬ ಅರ್ಥದ ದೋಷ ಬಂದಿತು. ದೊಡ್ಡ ಅಕ್ಷರದ ಪಿ ಬಳಸಿದ ಮೇಲೆ ಪ್ರತಿ ಮಾಡುವುದು ಆರಂಭವಾಯಿತು. ನಮ್ಮ ಅಪ್‌ಲೋಡ್ ವೇಗ 20 ಎಂಬಿಪಿಎಸ್ ಇದ್ದು, ಇಡೀ ಕೆಲಸಕ್ಕೆ ಸುಮಾರು 20 ಗಂಟೆ ಬೇಕಾಗುತ್ತದೆಂದು ಲೆಕ್ಕ ಹಾಕಿದ್ದೆ. ಸಂಜೆ ಐದಕ್ಕೆ ಆರಂಭಿಸಿ ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಸುಮಾರು 100 ಜಿಬಿ ಹೋದ ನಂತರ "ಬ್ರೋಕನ್ ಪೈಪ್" ಎಂಬ ಸಾಲಿನೊಂದಿಗೆ ಕೆಲಸ ನಿಂತುಹೋಗಿತ್ತು. ಅದೇ ಆದೇಶವನ್ನು ಮತ್ತೆ ಕೊಟ್ಟಾಗ ಮೊದಲ ವರ್ಷದ ಮೊದಲ ಪುಟದಿಂದಲೇ ಪ್ರತಿ ಮಾಡತೊಡಗಿದ್ದರಿಂದ ನಿಲ್ಲಿಸಿಬಿಟ್ಟೆ.

ಮರುದಿನ ಇನ್ನೊಂದು ತೊಂದರೆ ಎದುರಾಯಿತು. ಸಂಪರ್ಕಿಸಲು ಹೋದರೆ ದೂರದ ಕಂಪ್ಯೂಟರಿನ ಗುರುತು ಬದಲಾಗಿದೆ ಎಂಬ ದೊಡ್ಡ ಎಚ್ಚರಿಕೆ ತೋರಿಸಿ ಸಂಪರ್ಕವನ್ನೇ ನಿರಾಕರಿಸುತ್ತಿದೆ. ಸಹೋದ್ಯೋಗಿಯೊಬ್ಬರು "ಸ್ಟ್ರಿಕ್ಟ್ ಹೋಸ್ಟ್ ಕೀ ಚೆಕಿಂಗ್ ಎಂಬುದನ್ನು ನೋ ಎಂದು ಮಾಡಿಬಿಡಿ, ಎಲ್ಲರೂ ಹಾಗೆಯೇ ಮಾಡುತ್ತಾರೆ" ಎನ್ನುತ್ತಾರೆ. ಇನ್ನೊಬ್ಬರು ಇಷ್ಟೆಲ್ಲ ಕಷ್ಟವೇಕೆ, ಹಳೆಯ ಎಫ್‌ಟಿಪಿಯಲ್ಲೇ ಕಳುಹಿಸಿ ಎನ್ನುತ್ತಾರೆ. ನಾನು ಕಂಪ್ಯೂಟರ್ ಓದಿದವನಲ್ಲ, ಆದೇಶಗಳನ್ನು ಬರೆದಿಟ್ಟುಕೊಂಡು ಬಳಸುವವನು. ಹೋದ 100 ಜಿಬಿ ವ್ಯರ್ಥವಾಯಿತೇ? ಈ ಎಚ್ಚರಿಕೆಯನ್ನು ಕಡೆಗಣಿಸಬಹುದೇ? ಎಲ್ಲವೂ ಸರಿಯಾಗಿ ತಲುಪಿದೆಯೆಂದು ಕೊನೆಗೆ ಖಚಿತಪಡಿಸಿಕೊಳ್ಳುವುದು ಹೇಗೆ? ದಯವಿಟ್ಟು ತಿಳಿಸಿಕೊಡಿ.

ಸರ್ವರ್‌ಕೋಣೆ:

ನಮಸ್ಕಾರ. ನಿಮ್ಮ 100 ಜಿಬಿ ವ್ಯರ್ಥವಾಗಿಲ್ಲ. ಗುರುತಿನ ಎಚ್ಚರಿಕೆಯ ವಿಷಯವನ್ನು ಮಾತ್ರ ಮೊದಲು ಬಗೆಹರಿಸಿಕೊಳ್ಳಿ, ಅದು ಬಗೆಹರಿಯುವವರೆಗೆ ಒಂದು ಪುಟವನ್ನೂ ಕಳುಹಿಸಬೇಡಿ. ಅದರ ಬಗ್ಗೆ ನನಗಿಂತ ಚೆನ್ನಾಗಿ ತಿಳಿದವರು ಇಲ್ಲಿದ್ದಾರೆ. ನಾನು ಪ್ರತಿ ಮಾಡುವ ಕೆಲಸದ ಬಗ್ಗೆ ಬರೆಯುತ್ತೇನೆ.

ಎಸ್‌ಸಿಪಿಯು 1980ರ ದಶಕದ ಬರ್ಕ್ಲಿ ಯುನಿಕ್ಸಿನ ಆರ್‌ಸಿಪಿ ಎಂಬ ಆದೇಶದ ವಂಶದ್ದು. ಆರ್‌ಸಿಪಿ ಬಯಲಿನಲ್ಲಿ ಮಾಡುತ್ತಿದ್ದ ಕೆಲಸವನ್ನು ಇದು ಎಸ್‌ಎಸ್‌ಎಚ್‌ನ ಗೂಢಲಿಪಿಯ ಒಳಗೆ ಮಾಡುತ್ತದೆ. ನಿಮಗೆ ಬಂದ "2222: ಅಂಥ ಕಡತವಿಲ್ಲ" ಎಂಬ ದೋಷಕ್ಕೂ ಈ ವಂಶವೇ ಕಾರಣ. ಆರ್‌ಸಿಪಿಯಲ್ಲಿ ಸಣ್ಣ ಪಿ ಎಂದರೆ ಕಡತದ ಸಮಯ ಮತ್ತು ಅನುಮತಿಗಳನ್ನು ಹಾಗೆಯೇ ಉಳಿಸು ಎಂದರ್ಥ, ಎಸ್‌ಸಿಪಿ ಅದನ್ನೇ ಉಳಿಸಿಕೊಂಡಿದ್ದರಿಂದ ಪೋರ್ಟಿಗೆ ದೊಡ್ಡ ಪಿ ಬೇಕಾಯಿತು. ನೀವು ಬರೆದ 2222 ಅದಕ್ಕೆ ಒಂದು ಕಡತದ ಹೆಸರಾಗಿ ಕಂಡಿತು. ಈ ಆದೇಶಗಳನ್ನು ಒಳಗೊಂಡ ಓಪನ್‌ಎಸ್‌ಎಸ್‌ಎಚ್ ತಂತ್ರಾಂಶದ ತಂಡದವರು 2019ರಲ್ಲಿ 8.0 ಆವೃತ್ತಿಯನ್ನು ಹೊರತಂದಾಗ, ಎಸ್‌ಸಿಪಿಯ ಮೂಲ ವಿಧಾನ ಹಳತಾಗಿದೆ, ಅದನ್ನು ಸುಲಭವಾಗಿ ಸರಿಪಡಿಸಲಾಗದು, ಎಸ್‌ಎಫ್‌ಟಿಪಿ (ಎಸ್‌ಎಸ್‌ಎಚ್ ಮೂಲಕವೇ ಕಡತ ಸಾಗಿಸುವ ಇನ್ನೊಂದು ವಿಧಾನ) ಅಥವಾ ಆರ್‌ಸಿಂಕ್ ಬಳಸುವುದು ಒಳಿತು ಎಂದು ತಾವೇ ಬರೆದರು. 2022ರ ಏಪ್ರಿಲ್‌ನಲ್ಲಿ ಬಂದ 9.0ರಿಂದ ಎಸ್‌ಸಿಪಿ ಆದೇಶವು ಒಳಗೊಳಗೆ ಎಸ್‌ಎಫ್‌ಟಿಪಿಯ ವಿಧಾನವನ್ನೇ ಬಳಸುತ್ತದೆ. ಒಂದೆರಡು ಕಡತಗಳನ್ನು ಕಳುಹಿಸಲು ನಾನು ಇಂದಿಗೂ ಅದನ್ನೇ ಬಳಸುತ್ತೇನೆ. ಇಪ್ಪತ್ತು ಗಂಟೆಯ ಕೆಲಸವನ್ನು ಅದಕ್ಕೆ ಒಪ್ಪಿಸಬಾರದು, ಏಕೆಂದರೆ ಎಲ್ಲಿ ನಿಂತೆನೆಂಬುದು ಅದಕ್ಕೆ ನೆನಪಿರುವುದಿಲ್ಲ.

ಆರ್‌ಸಿಂಕ್ ಅನ್ನು ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕರಸ್ 1996ರಲ್ಲಿ ರೂಪಿಸಿದ್ದು ನಿಧಾನವಾದ ಸಂಪರ್ಕಗಳಿಗಾಗಿಯೇ. ಎರಡೂ ಕಡೆಯ ಕಡತದ ಗಾತ್ರ ಮತ್ತು ಕೊನೆಯದಾಗಿ ಬದಲಾದ ಸಮಯ ಒಂದೇ ಆಗಿದ್ದರೆ ಅದು ಆ ಕಡತವನ್ನು ಮುಟ್ಟದೆ ಮುಂದೆ ಹೋಗುತ್ತದೆ. ನೀವು ಎಸ್‌ಸಿಪಿಯಲ್ಲಿ ಸಣ್ಣ ಪಿ ಇಲ್ಲದೆ ಕಳುಹಿಸಿದ್ದರಿಂದ ಸರ್ವರ್‌ನಲ್ಲಿರುವ ಕಡತಗಳಿಗೆ ಪ್ರತಿಯಾದ ಹೊತ್ತಿನ ಸಮಯ ಬಿದ್ದಿದೆ, ಆದ್ದರಿಂದ ಮೊದಲ ಸಲ ಆರ್‌ಸಿಂಕ್ ಅವುಗಳನ್ನು ಅನುಮಾನದಿಂದಲೇ ನೋಡುತ್ತದೆ. ಆದರೂ ಇಡೀ ಕಡತವನ್ನು ಮತ್ತೆ ಕಳುಹಿಸುವುದಿಲ್ಲ. ಸರ್ವರ್ ತನ್ನಲ್ಲಿರುವ ಪ್ರತಿಯನ್ನು ಸಣ್ಣ ಸಣ್ಣ ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡಿನ ಚೆಕ್‌ಸಮ್ (ಒಳಗಿರುವ ಬೈಟ್‌ಗಳಿಂದ ಲೆಕ್ಕ ಹಾಕಿದ ಚಿಕ್ಕ ಗುರುತು) ಕಳುಹಿಸುತ್ತದೆ. ನಿಮ್ಮ ಮ್ಯಾಕ್ ತನ್ನ ಕಡತದ ಮೇಲೆ ಒಂದೊಂದೇ ಬೈಟ್ ಸರಿಯುತ್ತ ಅವುಗಳನ್ನು ಹೋಲಿಸಿ, ಹೊಂದದ ಭಾಗವನ್ನು ಮಾತ್ರ ಕಳುಹಿಸುತ್ತದೆ. 26 ಎಂಬಿಯ ಪುಟ ಆಗಲೇ ಅಲ್ಲಿ ಸರಿಯಾಗಿದ್ದರೆ ತಂತಿಯ ಮೇಲೆ ಹೋಗುವುದು ಹತ್ತಾರು ಕೆಬಿಯಷ್ಟು ಮಾತ್ರ, ಸಮಯ ಹಿಡಿಯುವುದು ಡಿಸ್ಕ್ ಓದುವುದಕ್ಕೆ. ಅರ್ಧಕ್ಕೆ ನಿಂತ ಆ ಕೊನೆಯ ಪುಟವೂ ಹೀಗೆಯೇ ಪೂರ್ತಿಯಾಗುತ್ತದೆ.

ಆದೇಶವನ್ನು ಹೀಗೆ ಬರೆಯಿರಿ: ಆರ್‌ಸಿಂಕ್ ಎಂಬ ಪದದ ನಂತರ ಹೈಫನ್ ಹಾಕಿ ಸಣ್ಣ ಎ, ಸಣ್ಣ ವಿ, ದೊಡ್ಡ ಪಿ. ಇಲ್ಲಿ ದೊಡ್ಡ ಪಿ ಎಂದರೆ ಪೋರ್ಟ್ ಅಲ್ಲ, ಪ್ರಗತಿ ತೋರಿಸು, ಅರ್ಧವಾದ ಕಡತವನ್ನು ಅಳಿಸದೆ ಇಟ್ಟುಕೋ ಎಂದರ್ಥ. ಪೋರ್ಟನ್ನು ಇನ್ನೊಂದು ಹೈಫನ್ ಮತ್ತು ಸಣ್ಣ ಇ ಹಾಕಿ, ಉದ್ಧರಣ ಚಿಹ್ನೆಯೊಳಗೆ ಎಸ್‌ಎಸ್‌ಎಚ್, ಹೈಫನ್, ಸಣ್ಣ ಪಿ, 2222 ಎಂದು ಕೊಡಬೇಕು. ಪ್ರತಿ ಸಲವೂ ಇದನ್ನು ಬರೆಯುವುದು ಬೇಡವೆಂದರೆ ಎಸ್‌ಎಸ್‌ಎಚ್ ಕಾನ್ಫಿಗ್ ಕಡತದಲ್ಲಿ ಈ ಸರ್ವರ್‌ಗೆ ಒಂದು ಅಡ್ಡಹೆಸರು ಇಟ್ಟು, ಅದರ ಕೆಳಗೆ ವಿಳಾಸ, ಬಳಕೆದಾರರ ಹೆಸರು, ಪೋರ್ಟ್ ಮತ್ತು ಕೀಲಿಯ ಜಾಗವನ್ನು ಒಮ್ಮೆ ಬರೆದಿಡಿ. ಆಮೇಲೆ ಎಸ್‌ಸಿಪಿಯಾಗಲಿ ಆರ್‌ಸಿಂಕ್ ಆಗಲಿ ಆ ಅಡ್ಡಹೆಸರನ್ನಷ್ಟೇ ಕೇಳುತ್ತದೆ, ಸಣ್ಣ ಪಿ ದೊಡ್ಡ ಪಿಗಳ ಗೊಂದಲವೇ ಇರುವುದಿಲ್ಲ. ಅಲ್ಲಿಯೇ ಸರ್ವರ್ ಅಲೈವ್ ಇಂಟರ್‌ವಲ್ 30 ಎಂಬ ಸಾಲನ್ನೂ ಸೇರಿಸಿದರೆ ಮೂವತ್ತು ಸೆಕೆಂಡು ಸರ್ವರ್‌ನಿಂದ ಏನೂ ಬರದಿದ್ದಾಗ ನಿಮ್ಮ ಮ್ಯಾಕ್ ಇದ್ದೀರಾ ಎಂದು ಅದನ್ನು ವಿಚಾರಿಸುತ್ತದೆ.

ಒಂದು ಜಾಗದಲ್ಲಿ ಮಾತ್ರ ಕಣ್ಣಿಟ್ಟು ಬರೆಯಿರಿ. ಮೂಲ ಫೋಲ್ಡರಿನ ಹೆಸರಿನ ಕೊನೆಗೆ ಓರೆಗೆರೆ ಇದ್ದರೆ ಅದರ ಒಳಗಿರುವುದನ್ನು ಪ್ರತಿ ಮಾಡು ಎಂದರ್ಥ, ಓರೆಗೆರೆ ಇಲ್ಲದಿದ್ದರೆ ಫೋಲ್ಡರನ್ನೇ ಒಯ್ದು ಆ ಕಡೆಯ ಫೋಲ್ಡರಿನೊಳಗೆ ಇಡು ಎಂದರ್ಥ. ಇದು ತಪ್ಪಿದರೆ ಸರ್ವರ್‌ನಲ್ಲಿ ಒಂದರೊಳಗೊಂದು ಅದೇ ಹೆಸರಿನ ಫೋಲ್ಡರ್ ಹುಟ್ಟಿ, ಹಳೆಯ 100 ಜಿಬಿ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿ ಮೊದಲು ಹೈಫನ್ ಸಣ್ಣ ಎನ್ ಸೇರಿಸಿ ಓಡಿಸಿ. ಅದು ಏನನ್ನೂ ಕಳುಹಿಸದೆ, ಏನು ಕಳುಹಿಸಲಿದ್ದೇನೆ ಎಂಬ ಪಟ್ಟಿಯನ್ನು ಮಾತ್ರ ತೋರಿಸುತ್ತದೆ. ಪಟ್ಟಿಯನ್ನು ಓದಿ, ದಾರಿ ಸರಿಯಾಗಿದ್ದರೆ ಆ ಎನ್ ತೆಗೆದು ಓಡಿಸಿ. ಡಿಲೀಟ್ ಎಂಬ ಆಯ್ಕೆಯನ್ನು ಈ ಕೆಲಸದಲ್ಲಿ ಬಳಸಲೇಬೇಡಿ. ಅದು ಮೂಲದಲ್ಲಿ ಇಲ್ಲದ್ದನ್ನು ಆ ಕಡೆಯಲ್ಲಿಯೂ ಅಳಿಸುತ್ತದೆ, ಹೊರ ಡಿಸ್ಕ್ ಸರಿಯಾಗಿ ಜೋಡಣೆಯಾಗದ ಒಂದು ದಿನ ಅದರಿಂದ ಏನಾಗಬಹುದೆಂದು ಊಹಿಸಿಕೊಳ್ಳಿ.

ರಾತ್ರಿ ಸಂಪರ್ಕ ತಪ್ಪಿದ್ದಕ್ಕೆ ಮ್ಯಾಕ್ ನಿದ್ರೆಗೆ ಜಾರಿದ್ದೂ ಕಾರಣವಿರಬಹುದು. ಅದೇ ಸಾಲಿನಲ್ಲಿ ಆರ್‌ಸಿಂಕ್ ಆದೇಶಕ್ಕಿಂತ ಮೊದಲು ಕೆಫೀನೇಟ್, ಹೈಫನ್, ಸಣ್ಣ ಐ ಎಂದು ಬರೆದರೆ ಆ ಕೆಲಸ ಮುಗಿಯುವವರೆಗೆ ಯಂತ್ರ ಎಚ್ಚರವಾಗಿರುತ್ತದೆ.

ಕೀಲಿಕೈ:

ಗುರುತು ಬದಲಾದ ಎಚ್ಚರಿಕೆಯ ಬಗ್ಗೆ ಬರೆಯುತ್ತೇನೆ. ನಿಮ್ಮ ಸಹೋದ್ಯೋಗಿ ಹೇಳಿದ ಹಾಗೆ ಮಾಡಬೇಡಿರೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಎಲ್ಲರೂ ಹಾಗೆ ಮಾಡುತ್ತಾರೆಂಬುದು ನಿಜವೇ, ನಾನೂ ಬಹಳ ಜನರ ಕಂಪ್ಯೂಟರಿನಲ್ಲಿ ಅದನ್ನು ಕಂಡಿದ್ದೇನೆ.

1995ರಲ್ಲಿ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕಿವಿಗೊಟ್ಟು ಕುಳಿತು, ಹಾದುಹೋಗುತ್ತಿದ್ದ ಪಾಸ್‌ವರ್ಡ್‌ಗಳನ್ನು ಸಂಗ್ರಹಿಸಿದರು. ಎಫ್‌ಟಿಪಿ ಮತ್ತು ಟೆಲ್‌ನೆಟ್‌ಗಳಲ್ಲಿ ಪಾಸ್‌ವರ್ಡ್ ಅಕ್ಷರಕ್ಕಕ್ಷರ ಬಯಲಾಗಿ ಹೋಗುತ್ತಿದ್ದುದರಿಂದ ಇದಕ್ಕೆ ಹೆಚ್ಚಿನ ಜಾಣತನವೇನೂ ಬೇಕಿರಲಿಲ್ಲ. ಅಲ್ಲಿ ಸಂಶೋಧಕರಾಗಿದ್ದ ತಾತು ಉಲೊನೆನ್ ಅದೇ ವರ್ಷ ಎಸ್‌ಎಸ್‌ಎಚ್ ಬರೆದರು, ಮತ್ತು ಎಫ್‌ಟಿಪಿಯ 21ಕ್ಕೂ ಟೆಲ್‌ನೆಟ್‌ನ 23ಕ್ಕೂ ನಡುವೆ ಖಾಲಿಯಿದ್ದ 22ನೆಯ ಪೋರ್ಟನ್ನು ಕೇಳಿ ಪಡೆದರು. ಎಫ್‌ಟಿಪಿಯಲ್ಲೇ ಕಳುಹಿಸಿ ಎಂದವರಿಗೆ ಇದೇ ಉತ್ತರ: ಆ ದಾರಿಯಲ್ಲಿ ನಿಮ್ಮ ಪಾಸ್‌ವರ್ಡ್ ಇಂದಿಗೂ ಅಷ್ಟೇ ಬಯಲಾಗಿ ಹೋಗುತ್ತದೆ.

ಎಸ್‌ಎಸ್‌ಎಚ್ ದಾರಿಯನ್ನು ಮುಚ್ಚಿಕೊಡುತ್ತದೆ, ಆದರೆ ದಾರಿಯ ಆ ತುದಿಯಲ್ಲಿ ನಿಂತಿರುವವರು ಯಾರೆಂದು ತಿಳಿಯದಿದ್ದರೆ ಮುಚ್ಚಿದ ದಾರಿಯಿಂದ ಏನು ಪ್ರಯೋಜನ? ಅದಕ್ಕಾಗಿಯೇ ಪ್ರತಿ ಸರ್ವರ್‌ಗೂ ತನ್ನದೇ ಆದ ಕೀಲಿ ಇರುತ್ತದೆ, ಮೊದಲ ಭೇಟಿಯಲ್ಲಿ ನಿಮ್ಮ ಮ್ಯಾಕ್ ಅದರ ಬಹಿರಂಗ ಭಾಗವನ್ನು ನೋನ್ ಹೋಸ್ಟ್ಸ್ ಎಂಬ ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಈಗ ಬಂದಿರುವ ಎಚ್ಚರಿಕೆಯ ಅರ್ಥವೆಂದರೆ ಅದೇ ವಿಳಾಸದಲ್ಲಿ ಬೇರೆ ಕೀಲಿಯ ಯಂತ್ರ ಕುಳಿತಿದೆ ಎಂದು. ಹೆಚ್ಚಿನ ಸಂದರ್ಭಗಳಲ್ಲಿ ಸರ್ವರ್‌ಗೆ ಹೊಸದಾಗಿ ಲಿನಕ್ಸ್ ಹಾಕಿರುತ್ತಾರೆ, ಅಷ್ಟೇ. ನಡುವೆ ಯಾರೋ ನಿಂತಿರುವ ಸಂದರ್ಭದಲ್ಲಿ ಕಾಣುವುದೂ ಇದೇ ಎಚ್ಚರಿಕೆ. ಪಾಸ್‌ವರ್ಡ್ ಬಳಸುವವರಾದರೆ ಅದನ್ನು ನೇರವಾಗಿ ಅವರ ಕೈಗೇ ಕೊಟ್ಟಂತಾಗುತ್ತದೆ. ಕೀಲಿ ಬಳಸುವವರ ಗುಪ್ತ ಕೀಲಿಯನ್ನು ಅವರು ಹೀಗೆ ಕದಿಯಲಾರರು, ಆದರೆ ಸುಮ್ಮನೆ "ಬನ್ನಿ" ಎಂದು ಒಳಗೆ ಬಿಟ್ಟುಕೊಂಡು ನಿಮ್ಮ 6,912 ಪುಟಗಳನ್ನೂ ತಮ್ಮ ಡಿಸ್ಕಿಗೆ ಇಳಿಸಿಕೊಳ್ಳಬಲ್ಲರು, ನೀವು ಕೆಲಸ ಮುಗಿಯಿತೆಂದು ತಿಳಿದಿರುತ್ತೀರಿ.

ಆದ್ದರಿಂದ ಸರ್ವರ್ ಬಾಡಿಗೆ ಕೊಟ್ಟವರಿಗೆ ದೂರವಾಣಿ ಮಾಡಿ, ಯಂತ್ರದಲ್ಲಿ ಏನಾದರೂ ಬದಲಾಯಿಸಿದ್ದೀರಾ ಎಂದು ಕೇಳಿ. ಹೌದೆಂದರೂ ಅಷ್ಟಕ್ಕೆ ತೃಪ್ತರಾಗಬೇಡಿ. ಅವರ ಜಾಲತಾಣದಲ್ಲಿ ಲಾಗಿನ್ ಆಗಿ, ಬ್ರೌಸರ್ ಮೂಲಕವೇ ತೆರೆಯುವ ಕನ್ಸೋಲ್ ಇದ್ದರೆ ಅಲ್ಲಿಂದ ಸರ್ವರ್‌ನ ಒಳಗೆ ಹೋಗಿ, ಎಸ್‌ಎಸ್‌ಎಚ್-ಕೀಜೆನ್ ಆದೇಶಕ್ಕೆ ಹೈಫನ್ ಸಣ್ಣ ಎಲ್ ಮತ್ತು ಹೈಫನ್ ಸಣ್ಣ ಎಫ್ ಕೊಟ್ಟು, ಸರ್ವರ್‌ನ ಬಹಿರಂಗ ಕೀಲಿಯ ಕಡತವನ್ನು ತೋರಿಸಿ. ಶಾ256 ಎಂದು ಆರಂಭವಾಗಿ ನಲವತ್ಮೂರು ಅಕ್ಷರಗಳ ಒಂದು ಫಿಂಗರ್‌ಪ್ರಿಂಟ್ ಬರುತ್ತದೆ. ನಿಮ್ಮ ಮ್ಯಾಕ್‌ನ ಎಚ್ಚರಿಕೆಯಲ್ಲಿ ಕಾಣುವ ಫಿಂಗರ್‌ಪ್ರಿಂಟ್ ಪಕ್ಕದಲ್ಲಿಟ್ಟುಕೊಂಡು ಎರಡನ್ನೂ ಗಟ್ಟಿಯಾಗಿ ಓದಿ ತಾಳೆ ನೋಡಿ. ಮೊದಲ ನಾಲ್ಕು ಮತ್ತು ಕೊನೆಯ ನಾಲ್ಕು ಅಕ್ಷರ ನೋಡಿ ಬಿಡುವುದು ಬೇಡ. ಕೀಲಿಯ ಬಗೆ ಎರಡು ಕಡೆಯೂ ಒಂದೇ ಆಗಿರಲಿ, ಎಚ್ಚರಿಕೆಯಲ್ಲಿ ಇಡಿ25519 ಎಂದಿದ್ದರೆ ಅಲ್ಲಿಯೂ ಅದೇ ಕಡತವನ್ನು ತೆರೆಯಬೇಕು.

ಹೊಂದಿದರೆ ಮಾತ್ರ ಹಳೆಯ ನಮೂದನ್ನು ತೆಗೆಯಿರಿ. ಎಸ್‌ಎಸ್‌ಎಚ್-ಕೀಜೆನ್‌ಗೆ ಹೈಫನ್ ದೊಡ್ಡ ಆರ್ ಕೊಟ್ಟರೆ ಆ ಒಂದು ನಮೂದು ಮಾತ್ರ ಹೋಗುತ್ತದೆ. ನಿಮ್ಮದು 2222ನೆಯ ಪೋರ್ಟ್ ಆದ್ದರಿಂದ ವಿಳಾಸವನ್ನು ಚೌಕ ಆವರಣದಲ್ಲಿ ಬರೆದು, ಅದರಾಚೆ ವಿವರಣ ಚಿಹ್ನೆ (ಕೋಲನ್) ಮತ್ತು 2222 ಹಾಕಿ, ಎಲ್ಲವನ್ನೂ ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಇದು ತಿಳಿಯದೆ ನಮೂದು ಹೋಗುತ್ತಿಲ್ಲವೆಂದು ಇಡೀ ನೋನ್ ಹೋಸ್ಟ್ಸ್ ಕಡತವನ್ನೇ ಅಳಿಸುವವರು ಬಹಳ, ಹಾಗೆ ಮಾಡಿದರೆ ಉಳಿದ ಎಲ್ಲ ಸರ್ವರ್‌ಗಳ ಗುರುತೂ ಹೋಗುತ್ತದೆ. ಪ್ರತಿ ಸಲ ಹೌದು ಎಂದು ಟೈಪ್ ಮಾಡುವುದು ಬೇಸರವೆನಿಸಿದರೆ ಸ್ಟ್ರಿಕ್ಟ್ ಹೋಸ್ಟ್ ಕೀ ಚೆಕಿಂಗ್‌ಗೆ ನೋ ಎಂಬುದರ ಬದಲು ಆಕ್ಸೆಪ್ಟ್-ನ್ಯೂ ಎಂದು ಕೊಡಿ. ಅದು ಹೊಸ ಯಂತ್ರವನ್ನು ಕೇಳದೆ ಒಪ್ಪಿಕೊಳ್ಳುತ್ತದೆ, ಬದಲಾದ ಗುರುತನ್ನು ಎಂದಿನಂತೆ ನಿರಾಕರಿಸುತ್ತದೆ.

ನೀವು ಪಾಸ್‌ವರ್ಡ್ ಬಳಸುತ್ತಿದ್ದೀರೋ ಕೀಲಿಯನ್ನೋ ಎಂದು ಬರೆದಿಲ್ಲ. ಪಾಸ್‌ವರ್ಡ್ ಆಗಿದ್ದರೆ ಇದೇ ಸಂದರ್ಭದಲ್ಲಿ ಇಡಿ25519 ಬಗೆಯ ಕೀಲಿಯೊಂದನ್ನು ಮಾಡಿಕೊಂಡು, ಅದಕ್ಕೊಂದು ಉದ್ದನೆಯ ಗುಪ್ತವಾಕ್ಯ ಇಟ್ಟು, ಎಸ್‌ಎಸ್‌ಎಚ್-ಕಾಪಿ-ಐಡಿ ಆದೇಶದಿಂದ ಬಹಿರಂಗ ಭಾಗವನ್ನು ಸರ್ವರ್‌ಗೆ ಕೊಡಿ. ಗುಪ್ತ ಭಾಗ ನಿಮ್ಮ ಮ್ಯಾಕ್ ಬಿಟ್ಟು ಎಲ್ಲಿಗೂ ಹೋಗಬಾರದು, ಮಿಂಚಂಚೆಯಲ್ಲಿಯೂ ಹೋಗಬಾರದು.

ಹಳೆಯಸಂಚಿಕೆ:

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಸರ್ವರ್ ಬಾಡಿಗೆ ಕೊಟ್ಟವರನ್ನು ವಿಚಾರಿಸಿದೆ. ವ್ಯವಸ್ಥೆಯ ಡಿಸ್ಕನ್ನು ಬದಲಿಸಿ ಹೊಸದಾಗಿ ಲಿನಕ್ಸ್ ಹಾಕಿದ್ದಾರಂತೆ, ನಮ್ಮ ಕಡತಗಳಿದ್ದ ಡಿಸ್ಕನ್ನು ಮುಟ್ಟಿಲ್ಲವಂತೆ. ಮೊದಲೇ ಒಂದು ಮಾತು ತಿಳಿಸಿದ್ದರೆ ನಾನು ಎರಡು ದಿನ ಗಾಬರಿಯಾಗುತ್ತಿರಲಿಲ್ಲ. ಕನ್ಸೋಲ್ ತೆರೆದು ಫಿಂಗರ್‌ಪ್ರಿಂಟ್ ಹೊರತೆಗೆದೆ. ಒಬ್ಬರು ಓದುತ್ತ, ಇನ್ನೊಬ್ಬರು ನೋಡುತ್ತ, ಅಚ್ಚಿನ ಕರಡು ತಿದ್ದುವ ರೀತಿಯಲ್ಲಿ ನಲವತ್ಮೂರು ಅಕ್ಷರಗಳನ್ನೂ ತಾಳೆ ನೋಡಿದೆವು. ಹೊಂದಿತು. ಚೌಕ ಆವರಣದ ವಿಷಯ ತಿಳಿಸಿದ್ದು ಬಹಳ ಉಪಕಾರವಾಯಿತು. ಕೀಲಿಯನ್ನೂ ಮಾಡಿಕೊಂಡಿದ್ದೇನೆ.

ಆರ್‌ಸಿಂಕ್ ಅನ್ನು ಸಣ್ಣ ಎನ್ ಹಾಕಿ ಓಡಿಸುವ ಮೊದಲು ಸರ್ವರ್‌ನ ಒಳಗೆ ಹೋಗಿ ಒಮ್ಮೆ ನೋಡಿದೆ, ಅಲ್ಲಿ ನನಗೆ ಅರ್ಥವಾಗದ ವಿಷಯವೊಂದು ಕಂಡಿತು. ನಮ್ಮ ಫೋಲ್ಡರುಗಳಿಗೆ ವರ್ಷದ ಕೆಳಗೆ ಪತ್ರಿಕೆಯಲ್ಲಿ ಅಚ್ಚಾದಂತೆಯೇ ಚೈತ್ರದಿಂದ ಫಾಲ್ಗುಣದವರೆಗೆ ಮಾಸದ ಹೆಸರುಗಳನ್ನು ಕನ್ನಡದಲ್ಲಿ ಇಟ್ಟಿದ್ದೇವೆ. ಪ್ರತಿ ಮಾಸದ ಒಳಗೆ 01ರಿಂದ 48ರವರೆಗೆ ಪುಟಗಳಿವೆ. ಕೆಲಸದ ಆರಂಭದಲ್ಲಿ ವಿದ್ಯಾರ್ಥಿಯೊಬ್ಬರು ತಮ್ಮ ಲಿನಕ್ಸ್ ಲ್ಯಾಪ್‌ಟಾಪಿನಿಂದ ಸರ್ವರ್‌ನಲ್ಲಿ ಈ ಎಲ್ಲ ಫೋಲ್ಡರುಗಳನ್ನೂ ಖಾಲಿಯಾಗಿ ಮಾಡಿಟ್ಟಿದ್ದರು. ಈಗ ನೋಡಿದರೆ ಕಡತಗಳು ಹೋಗಿರುವ ಪ್ರತಿ ವರ್ಷದಲ್ಲಿಯೂ ಚೈತ್ರ, ವೈಶಾಖ, ಜ್ಯೇಷ್ಠ, ಆಶ್ವೀಜ, ಕಾರ್ತೀಕ ಈ ಐದು ಮಾಸಗಳು ಮಾತ್ರ ಎರಡೆರಡು ಸಲ ಕಾಣುತ್ತಿವೆ. ಒಂದು ಖಾಲಿಯಿದೆ, ಇನ್ನೊಂದರಲ್ಲಿ ಪುಟಗಳಿವೆ. ಉಳಿದ ಏಳು ಮಾಸಗಳು ಒಂದೊಂದೇ ಇವೆ. ಹೆಸರಿನಲ್ಲಿ ಅಕ್ಷರದೋಷವೇನೂ ಕಾಣುವುದಿಲ್ಲ. ಒಂದೇ ಜಾಗದಲ್ಲಿ ಒಂದೇ ಹೆಸರಿನ ಎರಡು ಫೋಲ್ಡರ್ ಇರಲು ಹೇಗೆ ಸಾಧ್ಯ?

ಕಾಗುಣಿತ:

ನಿಮ್ಮ ಪಟ್ಟಿಯಲ್ಲೇ ಉತ್ತರವಿದೆ. ಆ ಐದು ಹೆಸರುಗಳಲ್ಲಿ ಇರುವ ಗುಣಿತಗಳನ್ನು ನೋಡಿ: ಚೈತ್ರ ಮತ್ತು ವೈಶಾಖದಲ್ಲಿ ಐತ್ವ, ಜ್ಯೇಷ್ಠದಲ್ಲಿ ಏತ್ವ, ಆಶ್ವೀಜ ಮತ್ತು ಕಾರ್ತೀಕದಲ್ಲಿ ಗುಡಿಸಿನ ದೀರ್ಘ. ಉಳಿದ ಏಳರಲ್ಲಿ ಇವು ಯಾವುವೂ ಇಲ್ಲ.

ಯುನಿಕೋಡಿನಲ್ಲಿ ಈ ಗುಣಿತಗಳನ್ನು ಎರಡು ರೀತಿಯಲ್ಲಿ ಬರೆಯಬಹುದು. ಗುಡಿಸಿನ ದೀರ್ಘಕ್ಕೆ ಒಂದೇ ಸಂಕೇತ ಬಳಸಬಹುದು, ಇಲ್ಲವೇ ನಾವು ಶಾಲೆಯಲ್ಲಿ ಕಲಿತ ಹಾಗೆ ಗುಡಿಸು ಒಂದು, ದೀರ್ಘ ಒಂದು ಎಂದು ಎರಡು ಸಂಕೇತಗಳಾಗಿ ಬಿಡಿಸಬಹುದು. ಏತ್ವವನ್ನು ಎತ್ವ ಮತ್ತು ದೀರ್ಘವಾಗಿಯೂ, ಐತ್ವವನ್ನು ಎತ್ವ ಮತ್ತು ಕೆಳಗಿನ ಕೊಂಡಿಯಾಗಿಯೂ ಬಿಡಿಸಬಹುದು. ಒತ್ವ, ಓತ್ವಗಳೂ ಹೀಗೆ ಬಿಡಿಯಾಗುತ್ತವೆ, ನಿಮ್ಮ ಮಾಸಗಳ ಹೆಸರಿನಲ್ಲಿ ಅವು ಬಂದಿಲ್ಲ, ಅಷ್ಟೇ. ಕಣ್ಣಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಮ್ಯಾಕ್‌ನ ಹಳೆಯ ಡಿಸ್ಕ್ ವ್ಯವಸ್ಥೆಯಾದ ಎಚ್‌ಎಫ್‌ಎಸ್ ಪ್ಲಸ್ ಕಡತದ ಹೆಸರುಗಳನ್ನು ಯಾವಾಗಲೂ ಬಿಡಿಸಿಯೇ ಇಟ್ಟುಕೊಳ್ಳುತ್ತದೆ, ನಿಮ್ಮ ಹೊರ ಡಿಸ್ಕ್ ಆ ಬಗೆಯದೇ ಇರಬೇಕು. ಲಿನಕ್ಸಿನಲ್ಲಿ ಟೈಪ್ ಮಾಡಿದಾಗ ಸಾಮಾನ್ಯವಾಗಿ ಕೂಡಿದ ರೂಪವೇ ಬರುತ್ತದೆ, ಮತ್ತು ಲಿನಕ್ಸ್ ಹೆಸರನ್ನು ಬರೇ ಬೈಟ್‌ಗಳ ಸಾಲಾಗಿ ನೋಡುತ್ತದೆ. ವಿದ್ಯಾರ್ಥಿ ಮಾಡಿದ ಚೈತ್ರದಲ್ಲಿ ಐದು ಸಂಕೇತಗಳಿದ್ದು, ಒಂದಕ್ಕೆ ಮೂರರಂತೆ 15 ಬೈಟ್ ಆಗುತ್ತದೆ. ಮ್ಯಾಕ್‌ನಿಂದ ಬಂದ ಚೈತ್ರದಲ್ಲಿ ಆರು ಸಂಕೇತ, 18 ಬೈಟ್. ಸರ್ವರ್‌ನ ದೃಷ್ಟಿಯಲ್ಲಿ ಇವೆರಡೂ ಬೇರೆ ಬೇರೆ ಹೆಸರುಗಳು.

ಸರಿಪಡಿಸುವಾಗ ಕ್ರಮ ತಪ್ಪಬಾರದು. ಮೊದಲು ಸರ್ವರ್‌ನಲ್ಲಿ ಖಾಲಿ ಫೋಲ್ಡರುಗಳನ್ನು ತೆಗೆಯಿರಿ. ಎರಡು ಹೆಸರುಗಳೂ ಒಂದೇ ರೀತಿ ಕಾಣುವಾಗ ಯಾವುದನ್ನು ತೆಗೆಯುವುದೆಂಬ ಭಯ ಬೇಡ: ಆರ್‌ಎಂಡಿಐಆರ್ ಆದೇಶವು ಖಾಲಿ ಫೋಲ್ಡರನ್ನು ಮಾತ್ರ ತೆಗೆದು, ಒಳಗೆ ಒಂದೇ ಕಡತವಿದ್ದರೂ ನಿರಾಕರಿಸುವುದರಿಂದ, ಎಲ್ಲ ಮಾಸಗಳಿಗೂ ಅದನ್ನೇ ಕೊಟ್ಟರೆ ಪುಟಗಳಿರುವವು ತಾವಾಗಿಯೇ ಉಳಿಯುತ್ತವೆ. ಅಳಿಸಲು ಬೇರೆ ಯಾವ ಆದೇಶವನ್ನೂ ಇಲ್ಲಿ ಬಳಸಬೇಡಿ. ನಂತರ ಕಾನ್ವ್‌ಎಂವಿ ಎಂಬ ಉಪಕರಣವನ್ನು ಸರ್ವರ್‌ನಲ್ಲಿ ಹಾಕಿಸಿಕೊಂಡು, ಬಿಡಿಸಿದ ಹೆಸರುಗಳನ್ನು ಎನ್‌ಎಫ್‌ಸಿ ಎಂಬ ಕೂಡಿದ ರೂಪಕ್ಕೆ ತನ್ನಿ. ನೋಟೆಸ್ಟ್ ಎಂಬ ಆಯ್ಕೆ ಕೊಡುವವರೆಗೆ ಅದು ಏನು ಮಾಡಲಿದ್ದೇನೆಂದು ತೋರಿಸುತ್ತದೆಯೇ ಹೊರತು ಮಾಡುವುದಿಲ್ಲ. ಇದು ಮುಗಿದ ಮೇಲೆ ಆರ್‌ಸಿಂಕ್‌ಗೆ ಐಕಾನ್ವ್ ಎಂಬ ಆಯ್ಕೆಯನ್ನು ಸೇರಿಸಿ, ಈ ಕಡೆ ಯುಟಿಎಫ್-8-ಮ್ಯಾಕ್, ಆ ಕಡೆ ಯುಟಿಎಫ್-8 ಎಂದು ತಿಳಿಸಿ. ಆಗ ಹೆಸರುಗಳು ದಾರಿಯಲ್ಲಿಯೇ ಕೂಡಿಕೊಳ್ಳುತ್ತವೆ. ಮೊದಲೇ ಐಕಾನ್ವ್ ಬಳಸಿದ್ದರೆ ಆರ್‌ಸಿಂಕ್ ಖಾಲಿ ಚೈತ್ರವನ್ನು ಕಂಡು, ಆ ಐದು ಮಾಸಗಳ ಪುಟಗಳನ್ನೆಲ್ಲ ಮತ್ತೆ ಕಳುಹಿಸುತ್ತಿತ್ತು. ಹಳೆಯ ಮ್ಯಾಕ್‌ಗಳ ಜೊತೆ ಬರುತ್ತಿದ್ದ ಆರ್‌ಸಿಂಕ್ 2.6.9ರಲ್ಲಿ ಈ ಆಯ್ಕೆ ಇಲ್ಲ, ಹೋಮ್‌ಬ್ರೂ (ಮ್ಯಾಕ್‌ಗೆ ಬೇರೆ ತಂತ್ರಾಂಶಗಳನ್ನು ಹಾಕಿಕೊಡುವ ಉಪಕರಣ) ಮೂಲಕ ಮೂರನೆಯ ಆವೃತ್ತಿಯನ್ನು ಹಾಕಿಕೊಳ್ಳಬೇಕು.

ಕನ್ನಡದಲ್ಲಿ ಹೆಸರಿಡುವುದನ್ನೇ ಬಿಟ್ಟುಬಿಡಿ ಎಂದು ಕೆಲವರು ಹೇಳಬಹುದು. ನಾನು ಹಾಗೆ ಹೇಳುವುದಿಲ್ಲ. ಪತ್ರಿಕೆಯ ಮೇಲೆ ಜ್ಯೇಷ್ಠ ಎಂದು ಅಚ್ಚಾಗಿರುವಾಗ ಫೋಲ್ಡರಿನ ಮೇಲೆಯೂ ಜ್ಯೇಷ್ಠ ಎಂದೇ ಇರಲಿ. ಎರಡು ವಿಷಯಗಳನ್ನು ಮಾತ್ರ ತಿಳಿದಿರಿ. ಲಿನಕ್ಸಿನ ಇಎಕ್ಸ್‌ಟಿ4 ಡಿಸ್ಕಿನಲ್ಲಿ ಒಂದು ಹೆಸರಿಗೆ 255 ಬೈಟ್‌ಗಳ ಮಿತಿಯಿದೆ. ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕಾಗುವುದರಿಂದ, ಒತ್ತಕ್ಷರ ಗುಣಿತಗಳನ್ನೂ ಎಣಿಸಿ 85 ಸಂಕೇತಗಳಿಗೆ ಅದು ತುಂಬುತ್ತದೆ. ವಿಂಡೋಸ್‌ನಲ್ಲಿ ಲೇಖನದ ಪೂರ್ಣ ಶೀರ್ಷಿಕೆಯನ್ನೇ ಹೆಸರಾಗಿ ಇಟ್ಟ ಕಡತಗಳು ಲಿನಕ್ಸಿಗೆ ಬರುವಾಗ ಹೆಸರು ಉದ್ದವಾಯಿತೆಂದು ನಿಲ್ಲುವುದು ಇದರಿಂದಲೇ. ಇನ್ನೊಂದು, ಅರ್ಧಾಕ್ಷರವನ್ನು ಬಿಡಿಯಾಗಿ ತೋರಿಸಲು ಬಳಸುವ ಕಾಣದ ಸಂಕೇತವನ್ನು ಒಂದು ಹೆಸರಿನಲ್ಲಿ ಹಾಕಿ ಇನ್ನೊಂದರಲ್ಲಿ ಬಿಟ್ಟರೆ ಅವೂ ಎರಡು ಹೆಸರುಗಳಾಗುತ್ತವೆ. ಅದನ್ನು ಐಕಾನ್ವ್ ಆಗಲಿ ಕಾನ್ವ್‌ಎಂವಿ ಆಗಲಿ ಸರಿಪಡಿಸುವುದಿಲ್ಲ.

ಸರ್ವರ್‌ಕೋಣೆ:

ಕಾಗುಣಿತ ಅವರ ಉತ್ತರದಿಂದ ನಾನೂ ಹೊಸದನ್ನು ಕಲಿತೆ, ವಂದನೆಗಳು. ತಾಳೆ ನೋಡುವ ಪ್ರಶ್ನೆ ಉಳಿದಿತ್ತು. ಮ್ಯಾಕ್‌ನಲ್ಲಿ ಶಾಸಮ್ ಆದೇಶಕ್ಕೆ 256 ಎಂದು ಕೊಟ್ಟು ಎಲ್ಲ 6,912 ಪುಟಗಳ ಚೆಕ್‌ಸಮ್ ಪಟ್ಟಿಯೊಂದನ್ನು ಮಾಡಿ. ಪಟ್ಟಿಯಲ್ಲಿರುವ ಹೆಸರುಗಳೂ ಬಿಡಿಸಿದ ರೂಪದಲ್ಲೇ ಇರುವುದರಿಂದ, ಅದನ್ನು ಐಕಾನ್ವ್ ಎಂಬ ಪ್ರತ್ಯೇಕ ಆದೇಶದ ಮೂಲಕ ಹಾಯಿಸಿ ಕೂಡಿದ ರೂಪಕ್ಕೆ ತಂದ ಮೇಲೆ ಸರ್ವರ್‌ಗೆ ಕಳುಹಿಸಿ, ಇಲ್ಲದಿದ್ದರೆ ಆ ಐದು ಮಾಸಗಳ ಕಡತಗಳೇ ಇಲ್ಲವೆಂದು ಅದು ಹೇಳುತ್ತದೆ. ಸರ್ವರ್‌ನಲ್ಲಿ ಶಾ256ಸಮ್ ಆದೇಶಕ್ಕೆ ಹೈಫನ್ ಸಣ್ಣ ಸಿ ಮತ್ತು ಕ್ವಯಟ್ ಎಂಬ ಆಯ್ಕೆ ಕೊಟ್ಟು ಓಡಿಸಿದರೆ ಹೊಂದದ ಕಡತಗಳನ್ನು ಮಾತ್ರ ಹೇಳುತ್ತದೆ. ಪಟ್ಟಿಯನ್ನು ಅಳಿಸದೆ ಪುಟಗಳ ಜೊತೆಯಲ್ಲಿಯೇ ಇಡಿ, ವರ್ಷಕ್ಕೊಮ್ಮೆ ಅದೇ ಪಟ್ಟಿಯಿಂದ ಡಿಸ್ಕನ್ನು ಪರೀಕ್ಷಿಸಬಹುದು.

ದೂರದದಾರಿ:

ಇದನ್ನು ಓದುವ ಬೇರೆಯವರಿಗಾಗಿ ಒಂದು ಮಾತು. ಆರ್‌ಸಿಂಕ್ ಕೆಲಸ ಮಾಡಬೇಕಾದರೆ ಅದು ಎರಡೂ ಕಡೆ ಇರಬೇಕು. ಕೆಲವು ಸೇವೆಗಳು ಎಸ್‌ಎಫ್‌ಟಿಪಿಯನ್ನು ಮಾತ್ರ ಕೊಡುತ್ತವೆ. ಅಂಥಲ್ಲಿ ಎಸ್‌ಎಫ್‌ಟಿಪಿ ಆದೇಶದೊಳಗೆ ಪುಟ್ ಬದಲು ರೀಪುಟ್ ಎಂದು ಕೊಟ್ಟರೆ ಅರ್ಧಕ್ಕೆ ನಿಂತ ಕಡತ ನಿಂತಲ್ಲಿಂದ ಮುಂದುವರಿಯುತ್ತದೆ. ವಿಂಡೋಸ್ 10ರ 2018ರ ಆವೃತ್ತಿಗಳಿಂದ ಎಸ್‌ಎಸ್‌ಎಚ್, ಎಸ್‌ಸಿಪಿ, ಎಸ್‌ಎಫ್‌ಟಿಪಿ ಮೂರೂ ಅದರ ಜೊತೆಯಲ್ಲೇ ಬರುತ್ತವೆ, ಆರ್‌ಸಿಂಕ್ ಬೇಕಾದರೆ ಡಬ್ಲ್ಯುಎಸ್‌ಎಲ್ (ವಿಂಡೋಸ್‌ನೊಳಗೆ ಲಿನಕ್ಸ್ ಓಡಿಸುವ ವ್ಯವಸ್ಥೆ) ಹಾಕಿಕೊಳ್ಳಬೇಕಾಗುತ್ತದೆ.

ಹಳೆಯಸಂಚಿಕೆ:

ಕೆಲಸ ಮುಗಿಯಿತು. ಶುಕ್ರವಾರ ಚೆಕ್‌ಸಮ್ ಪಟ್ಟಿ ಮಾಡಿಕೊಂಡು, ಖಾಲಿ ಫೋಲ್ಡರುಗಳನ್ನು ತೆಗೆದು, ಹೆಸರುಗಳನ್ನು ಕೂಡಿಸಿ, ಶನಿವಾರ ಸಂಜೆ ಕೆಫೀನೇಟ್ ಹಾಕಿ ಆರ್‌ಸಿಂಕ್ ಆರಂಭಿಸಿದೆ. ಮೊದಲಿನ 100 ಜಿಬಿಯನ್ನು ಅದು ಓದಿಕೊಂಡೇ ದಾಟಿಹೋಯಿತು. ರಾತ್ರಿ ಒಮ್ಮೆ ಸಂಪರ್ಕ ತಪ್ಪಿತ್ತು. ಬೆಳಿಗ್ಗೆ ಬಂದು ಅದೇ ಆದೇಶವನ್ನು ಮತ್ತೆ ಕೊಟ್ಟಾಗ ನಿಂತ ಪುಟದಿಂದ ಮುಂದುವರಿದು ಮಧ್ಯಾಹ್ನದ ಹೊತ್ತಿಗೆ ಮುಗಿಸಿತು. ಈಗ ಪ್ರತಿ ವರ್ಷದಲ್ಲಿಯೂ ಒಂದೇ ಚೈತ್ರವಿದೆ.

ಪಟ್ಟಿಯೊಂದಿಗೆ ತಾಳೆ ನೋಡಿದಾಗ 6,911 ಪುಟಗಳು ಹೊಂದಿದವು, ಏಳನೆಯ ವರ್ಷದ ಶ್ರಾವಣ ಸಂಚಿಕೆಯ 31ನೆಯ ಪುಟ ಹೊಂದಲಿಲ್ಲ. ದಾರಿಯಲ್ಲಿ ಕೆಟ್ಟಿತೇನೋ ಎಂದು ಹೆದರಿ ಮ್ಯಾಕ್‌ನಲ್ಲಿರುವ ಅದೇ ಪುಟದ ಚೆಕ್‌ಸಮ್ ಮತ್ತೆ ತೆಗೆದೆ. ಅದು ಸರ್ವರ್‌ನದರೊಂದಿಗೆ ಹೊಂದುತ್ತಿತ್ತು, ಶುಕ್ರವಾರದ ಪಟ್ಟಿಯೊಂದಿಗೆ ಹೊಂದುತ್ತಿರಲಿಲ್ಲ. ವಿಚಾರಿಸಿದಾಗ, ಶನಿವಾರ ಬೆಳಿಗ್ಗೆ ನಮ್ಮವರೊಬ್ಬರು ಆ ಪುಟ ಸ್ವಲ್ಪ ಓರೆಯಾಗಿ ಕಂಡಿತೆಂದು ನೆಟ್ಟಗೆ ಮಾಡಿ, ಅಂಚು ಕತ್ತರಿಸಿ, ಅದೇ ಹೆಸರಿನಲ್ಲಿ ಉಳಿಸಿದ್ದರೆಂದು ತಿಳಿಯಿತು. ಕತ್ತರಿಸಿದ ಅಂಚಿನಲ್ಲಿ ಯಾರೋ ಹಳೆಯ ಓದುಗರು ಶಾಯಿಯಲ್ಲಿ ಬರೆದ ಎರಡು ಸಾಲುಗಳಿದ್ದವು. ಸ್ಕ್ಯಾನರ್‌ಗೆ ಜೋಡಿಸಿದ ಕಂಪ್ಯೂಟರಿನಲ್ಲಿ ಮೂಲ ಕಡತ ಇನ್ನೂ ಇದ್ದುದರಿಂದ ಅದನ್ನು ತಂದು, ಶುಕ್ರವಾರದ ಪಟ್ಟಿಯೊಂದಿಗೆ ಹೊಂದಿಸಿ ನೋಡಿ, ಆರ್‌ಸಿಂಕ್ ಅನ್ನು ಮತ್ತೊಮ್ಮೆ ಓಡಿಸಿದೆ. ಒಂದೇ ಒಂದು ಪುಟ ಹೋಯಿತು. ಆ ನಂತರದ ತಾಳೆಯಲ್ಲಿ ಸರ್ವರ್ ಯಾವ ಕಡತದ ಹೆಸರನ್ನೂ ಹೇಳಲಿಲ್ಲ.